ಲಿಂಡನ್ ಜಾನ್ಸನ್ ಒಳ್ಳೆಯವನೋ ಕೆಟ್ಟವನೋ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ 36ನೇ ಅಧ್ಯಕ್ಷ ಲಿಂಡನ್ ಬೇನ್ಸ್ ಜಾನ್ಸನ್‌ನ ಮಾತು ಬಂದರೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಅರವತ್ತರ ದಶಕದಲ್ಲಿ ರೇಷನ್ ಅಂಗಡಿ ಮುಂದೆ ಚೀಲ ಹಿಡಿದು ನಿಂತ ದೊಡ್ಡಪ್ಪನ ಪ್ರಕಾರ ಆತ ಅನ್ನ ಹಾಕುವಾಗಲೂ ಹಂಗಿಸುವ ಸಾಹುಕಾರ. ಎಪ್ಪತ್ತರ ದಶಕದಲ್ಲಿ ಡಾಕ್ಟರಾಗಿ ಅಲ್ಲಿಗೇ ಹೋಗಿ ನೆಲೆಸಿದ ಚಿಕ್ಕಪ್ಪನ ಪಾಲಿಗೆ ಬಾಗಿಲು ತೆಗೆದ ಪುಣ್ಯಾತ್ಮ. ಇಬ್ಬರ ನಡುವೆ ಕೂತು ಕೇಳಿಸಿಕೊಂಡ ಪ್ರಶ್ನೆಗಳು, ಆಮೇಲೆ ಬೇರೆಯವರು ಕೇಳಿದವು, ಎಲ್ಲ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಕೆನಡಿ ಸತ್ತ ಮೇಲೆ ಬಂದವನು ತಾನೇ?

ಹೌದು. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಕೆನಡಿಯ ಹತ್ಯೆಯಾಯಿತು. ಅಂದೇ ಮಧ್ಯಾಹ್ನ ಅಲ್ಲಿನ ವಿಮಾನ ನಿಲ್ದಾಣದಲ್ಲಿ ನಿಂತಿದ್ದ ಅಧ್ಯಕ್ಷರ ವಿಮಾನದೊಳಗೇ ಉಪಾಧ್ಯಕ್ಷ ಜಾನ್ಸನ್ ಪ್ರಮಾಣವಚನ ತೆಗೆದುಕೊಂಡ. ಪಕ್ಕದಲ್ಲಿ ರಕ್ತದ ಕಲೆಯ ಬಟ್ಟೆಯಲ್ಲೇ ನಿಂತಿದ್ದವರು ಜಾಕ್ವೆಲಿನ್ ಕೆನಡಿ.

ಇಬ್ಬರ ಹಿನ್ನೆಲೆಗೂ ಅಜಗಜಾಂತರ. ಕೆನಡಿ ಬಾಸ್ಟನ್ನಿನ ಶ್ರೀಮಂತರ ಮಗ, ಹಾರ್ವರ್ಡಿನಲ್ಲಿ ಓದಿದವನು. ಜಾನ್ಸನ್ 1908ರಲ್ಲಿ ಟೆಕ್ಸಾಸಿನ ಗುಡ್ಡಗಾಡಿನಲ್ಲಿ, ಕರೆಂಟು ಕಾಣದ ಹಳ್ಳಿಯಲ್ಲಿ ಹುಟ್ಟಿದವನು. ಕಾಲೇಜು ಓದುತ್ತಲೇ ದುಡ್ಡು ಸಾಲದೆ 1928ರಲ್ಲಿ ಕಟೂಲ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡಮಕ್ಕಳ ಶಾಲೆಗೆ ಮೇಷ್ಟ್ರಾಗಿ ಹೋದ. ಹಸಿದ ಹೊಟ್ಟೆಯಲ್ಲಿ ಕ್ಲಾಸಿಗೆ ಬರುತ್ತಿದ್ದ ಮಕ್ಕಳು. ಮೊದಲ ತಿಂಗಳ ಸಂಬಳ ಆ ಮಕ್ಕಳ ಆಟದ ಸಾಮಾನಿಗೆ ಹೋಯಿತು. ಈ ಶಾಲೆಯ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಸುತ್ತಿ ಬಳಸದೆ ಒಂದೇ ಮಾತಿನಲ್ಲಿ ಹೇಳಿ: ಒಳ್ಳೆಯವನೋ, ಕೆಟ್ಟವನೋ?

ಅಮೆರಿಕದೊಳಗಿನ ಕೆಲಸಕ್ಕೆ 20ನೇ ಶತಮಾನದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್‌ನನ್ನು ಬಿಟ್ಟರೆ ಈತನೇ. ವಿಯೆಟ್ನಾಂ ವಿಷಯದಲ್ಲಿ ಕ್ಷಮೆ ಇಲ್ಲ. ಇದರಿಂದ ಅದನ್ನು ಕಳೆದು ಉಳಿದದ್ದೆಷ್ಟು ಅಂತ ಲೆಕ್ಕ ಹಾಕುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಅಲಬಾಮಾದ ಅಜ್ಜಿಗೆ ಸಿಕ್ಕ ಮತದ ಹಕ್ಕನ್ನು ವಿಯೆಟ್ನಾಮಿನ ಹಳ್ಳಿಯ ಮೇಲೆ ಬಿದ್ದ ಬಾಂಬಿನ ಜಮಾಖರ್ಚಿಗೆ ಹೇಗೆ ಸೇರಿಸುತ್ತೀರಿ? ಎರಡೂ ಬೇರೆಬೇರೆಯವರ ಖಾತೆ.

ನನಗೆ ಕುತೂಹಲ ಹುಟ್ಟಿಸುವುದು ಇನ್ನೊಂದು. ಹಿಡಿದದ್ದನ್ನು ಬಿಡದ ಹಟ, ಸೋಲೆಂದರೆ ಭಯ, ಎದುರಿಗಿದ್ದವನ ದುರ್ಬಲ ಜಾಗ ಹುಡುಕಿ ಒತ್ತುವ ಚಾಳಿ. ಹಕ್ಕಿನ ಕಾಯ್ದೆ ಬಂದದ್ದೂ ಇವುಗಳಿಂದ, ಯುದ್ಧ ಬೆಳೆದದ್ದೂ ಇವುಗಳಿಂದ.

ನಾಗರಿಕ ಹಕ್ಕುಗಳ ಕಾಯ್ದೆಯ ಶ್ರೇಯಸ್ಸು ನಿಜಕ್ಕೂ ಯಾರಿಗೆ? ಕಿಂಗ್‌ಗೋ, ಕೆನಡಿಗೋ, ಜಾನ್ಸನ್‌ಗೋ?

ಮೊದಲು ಬೀದಿಗಿಳಿದು ಏಟು ತಿಂದವರಿಗೆ. ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅವರಂಥ ಸಾವಿರಾರು ಜನ ಇಲ್ಲದಿದ್ದರೆ ಯಾವ ಅಧ್ಯಕ್ಷನೂ ಈ ಮಸೂದೆ ಮುಟ್ಟುತ್ತಿರಲಿಲ್ಲ. ಮಂಡಿಸಿದವನು ಕೆನಡಿ, ಆದರೆ ಆತ ಸಾಯುವಾಗ ಅದು ಸಂಸತ್ತಿನ ಸಮಿತಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅಲ್ಲಿಂದ ಎಳೆದು ದಡ ಮುಟ್ಟಿಸಿದವನು ಜಾನ್ಸನ್.

ಅದು ಎಷ್ಟು ಕಷ್ಟದ್ದೆಂದು ತಿಳಿಯಲು ಸೆನೆಟ್ಟಿನ ಒಂದು ವಿಚಿತ್ರ ಪದ್ಧತಿ ಗೊತ್ತಿರಬೇಕು. ಅಲ್ಲಿ ಮಸೂದೆ ಇಷ್ಟವಿಲ್ಲದವರು ಮಾತಾಡುತ್ತಲೇ ಇದ್ದು ಅದು ಮತಕ್ಕೆ ಬರದಂತೆ ತಡೆಯಬಹುದು. ಇದಕ್ಕೆ ಫಿಲಿಬಸ್ಟರ್ ಎನ್ನುತ್ತಾರೆ. ಆ ಬಾಯಿ ಮುಚ್ಚಿಸಲು ಆಗ 67 ಮತ ಬೇಕಿತ್ತು. ನಾಗರಿಕ ಹಕ್ಕಿನ ಮಸೂದೆಗೆ ಅಷ್ಟು ಮತ ಅಲ್ಲಿಯವರೆಗೆ ಒಮ್ಮೆಯೂ ಸಿಕ್ಕಿರಲಿಲ್ಲ. ದಕ್ಷಿಣದ ಸೆನೆಟರುಗಳ ಮುಂದಾಳು ಜಾರ್ಜಿಯಾದ ರಿಚರ್ಡ್ ರಸೆಲ್. ಆತ ಜಾನ್ಸನ್‌ಗೆ ಗುರುವಿನಂಥವನು, ಮನೆಗೆ ಬಂದು ಉಂಡು ಹೋಗುತ್ತಿದ್ದವನು. ಈಗ ಅದೇ ಗುರುವನ್ನು ಮಣಿಸಬೇಕಿತ್ತು. ತನ್ನ ಡೆಮಾಕ್ರಾಟಿಕ್ ಪಕ್ಷದಲ್ಲಿ ಸಾಲದ ಮತಗಳಿಗಾಗಿ ಜಾನ್ಸನ್ ಎದುರು ಪಕ್ಷವಾದ ರಿಪಬ್ಲಿಕನ್ನರ ನಾಯಕ ಎವರೆಟ್ ಡರ್ಕ್ಸನ್‌ನನ್ನು ಹಿಡಿದ. ಕೀರ್ತಿಯೆಲ್ಲ ನಿನಗೇ ಇರಲಿ, ಮತ ಮಾತ್ರ ಕೊಡಿಸು ಎಂಬ ಒಪ್ಪಂದ.

1964ರ ಜೂನ್ 10ರಂದು ಮತ ಎಣಿಕೆ. ಕ್ಯಾಲಿಫೋರ್ನಿಯಾದ ಸೆನೆಟರ್ ಕ್ಲೇರ್ ಎಂಗಲ್‌ಗೆ ಮಿದುಳಿನ ಗೆಡ್ಡೆ, ಮಾತು ಹೋಗಿತ್ತು. ಗಾಲಿಕುರ್ಚಿಯಲ್ಲಿ ತಂದರು. ಹೆಸರು ಕೂಗಿದಾಗ ಬಾಯಿ ತೆರೆಯಲು ನೋಡಿದ, ಸ್ವರ ಬರಲಿಲ್ಲ. ಕೈಯೆತ್ತಿ ತನ್ನ ಕಣ್ಣು ತೋರಿಸಿದ. ಇಂಗ್ಲಿಷಿನಲ್ಲಿ ಕಣ್ಣಿಗೂ 'ಸೈ' ಎಂಬ ಮತಕ್ಕೂ ಉಚ್ಚಾರ ಒಂದೇ, 'ಐ'. ಹೌದು ಎಂದು ಬರೆದುಕೊಂಡರು. 71 ಪರ, 29 ವಿರುದ್ಧ. ಜುಲೈ 2ರಂದು ಜಾನ್ಸನ್ ಸಹಿ ಹಾಕಿದ. ಹೋಟೆಲು, ಸಿನಿಮಾ ಮಂದಿರ, ಕೆಲಸದ ಜಾಗಗಳಲ್ಲಿ ಬಣ್ಣದ ಭೇದ ಕಾನೂನುಬಾಹಿರವಾಯಿತು. ಎಂಗಲ್ ಅದೇ ತಿಂಗಳ ಕೊನೆಯಲ್ಲಿ ತೀರಿಕೊಂಡ.

ಇದೇ ಮನುಷ್ಯ ಇಪ್ಪತ್ತು ವರ್ಷ ಇಂಥ ಮಸೂದೆಗಳ ವಿರುದ್ಧವೇ ಮತ ಹಾಕಿದ್ದನಲ್ಲ?

ಹಾಕಿದ್ದ. 1937ರಲ್ಲಿ ಸಂಸತ್ತಿಗೆ ಬಂದ ಮೇಲೆ 1957ರವರೆಗೂ ದಕ್ಷಿಣದ ಬಿಳಿಯರ ಮತದ ಲೆಕ್ಕದಲ್ಲೇ ನಡೆದ. ಖಾಸಗಿಯಾಗಿ ಕಪ್ಪು ಜನರ ಬಗ್ಗೆ ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯಲಾಗದು. ಹಾಗಾದರೆ ಮನಸ್ಸು ಬದಲಾಯಿತೋ, ಮೊದಲೇ ಇದ್ದ ಮನಸ್ಸು ಅಧಿಕಾರ ಸಿಕ್ಕ ಮೇಲೆ ಹೊರಬಂತೋ?

ನನ್ನ ಅಭಿಪ್ರಾಯ ಎರಡನೆಯದರ ಕಡೆ. 1965ರ ಮಾರ್ಚ್ 7ರಂದು ಅಲಬಾಮಾದ ಸೆಲ್ಮಾದಲ್ಲಿ ಮತದ ಹಕ್ಕು ಕೇಳಿ ಮೆರವಣಿಗೆ ಹೊರಟವರನ್ನು ಪೊಲೀಸರು ಸೇತುವೆಯ ಮೇಲೆ ಬಡಿದರು. ಎಂಟು ದಿನದ ಬಳಿಕ ಜಾನ್ಸನ್ ಸಂಸತ್ತಿನಲ್ಲಿ ಮಾತಾಡಿದ. ಕಟೂಲದ ಮಕ್ಕಳನ್ನು ನೆನೆದ. ಆ ಮಕ್ಕಳ ಮಕ್ಕಳಿಗೆ ಸಹಾಯ ಮಾಡುವ ಅವಕಾಶ ಸಿಗುತ್ತದೆಂದು ಆಗ ಕನಸಿನಲ್ಲೂ ಎಣಿಸಿರಲಿಲ್ಲ, ಈಗ ಸಿಕ್ಕಿದೆ, ಬಳಸಿಯೇ ಬಳಸುತ್ತೇನೆ ಎಂದ. ಚಳವಳಿಗಾರರ ಹಾಡಿನ 'ನಾವು ಗೆದ್ದೇ ಗೆಲ್ಲುವೆವು' ಎಂಬ ಸಾಲನ್ನು ಅಧ್ಯಕ್ಷನೇ ನಿಂತು ಹೇಳಿದ. ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆಗೆ ಸಹಿ ಬಿತ್ತು. ಮಿಸಿಸಿಪ್ಪಿಯಲ್ಲಿ ಶೇ. 7ನ್ನೂ ಮುಟ್ಟದಿದ್ದ ಕಪ್ಪು ಮತದಾರರ ನೋಂದಣಿ ಕೆಲವೇ ವರ್ಷಗಳಲ್ಲಿ ಶೇ. 60ರ ಆಸುಪಾಸಿಗೆ ಏರಿತು.

'ಜಾನ್ಸನ್ ಟ್ರೀಟ್‌ಮೆಂಟ್' ಅಂತಾರಲ್ಲ, ಏನದು?

ಆರಡಿ ಮೂರಂಗುಲಕ್ಕೂ ಮಿಕ್ಕ ಆಳು ನಿಮ್ಮ ಮುಖಕ್ಕೆ ಮುಖ ತಾಗುವಷ್ಟು ಬಾಗಿ, ಕೋಟಿನ ಕಾಲರು ಹಿಡಿದು, ಹೊಗಳಿ, ಹೆದರಿಸಿ, ಅತ್ತು, ಜೋಕು ಹೊಡೆದು, ನಿಮ್ಮ ಕ್ಷೇತ್ರಕ್ಕೊಂದು ಅಣೆಕಟ್ಟು ಕೊಡಿಸಿ, ಹೂಂ ಅನ್ನಿಸಿಕೊಳ್ಳುವ ತನಕ ಬಿಡದಿರುವುದು. 1957ರ ಒಂದು ಫೋಟೋ ಸರಣಿ ಇದೆ, ನೋಡಿ. ಎದುರಿಗಿದ್ದ ಮುದಿ ಸೆನೆಟರ್ ಬೆನ್ನು ಹಿಂದಕ್ಕೆ ಬಿಲ್ಲಿನಂತೆ ಬಾಗಿದೆ. ನಮ್ಮ ಕಡೆ ಮದುವೆ ಮಾತುಕತೆಗೆ ಇಂಥವರೊಬ್ಬರನ್ನು ಕರೆದುಕೊಂಡು ಹೋಗುತ್ತಾರೆ.

1948ರ ಚುನಾವಣೆಯನ್ನು ಕದ್ದನಂತೆ, ಹೌದೇ?

ಬಹುಮಟ್ಟಿಗೆ ಹೌದು. ಟೆಕ್ಸಾಸಿನ ಸೆನೆಟ್ ಸ್ಥಾನಕ್ಕೆ ಪಕ್ಷದೊಳಗಿನ ಮರುಚುನಾವಣೆ. ಸುಮಾರು ಹತ್ತು ಲಕ್ಷ ಮತಗಳಲ್ಲಿ ಜಾನ್ಸನ್ ಗೆದ್ದದ್ದು 87ರಿಂದ. ಮತದಾನ ಮುಗಿದು ದಿನಗಳಾದ ಮೇಲೆ ಆಲಿಸ್ ಎಂಬ ಊರಿನ 13ನೇ ಪೆಟ್ಟಿಗೆಯಲ್ಲಿ ಹೊಸದಾಗಿ 200 ಚಿಲ್ಲರೆ ಮತ ಕಾಣಿಸಿಕೊಂಡವು. ಹೆಸರುಗಳೆಲ್ಲ ಅಕ್ಷರಾನುಕ್ರಮದಲ್ಲಿ, ಒಂದೇ ಶಾಯಿಯಲ್ಲಿ. ಮತದಾರರು ಎ, ಬಿ, ಸಿ ಪ್ರಕಾರ ಸಾಲಾಗಿ ಬಂದರು ಅಂತ ನಂಬುವವರು ನಂಬಲಿ. ಆ ಮತಗಟ್ಟೆಯ ಅಧಿಕಾರಿ 1977ರಲ್ಲಿ ಮೋಸ ನಡೆದದ್ದು ನಿಜವೆಂದು ಒಪ್ಪಿಕೊಂಡ. ಜನ ಆತನಿಗೆ ಇಟ್ಟ ಅಡ್ಡಹೆಸರು 'ಭರ್ಜರಿ ಬಹುಮತದ ಲಿಂಡನ್'.

ಬಡತನದ ವಿರುದ್ಧ ಸಮರ ಸಾರಿದ್ದು ಬರೀ ಘೋಷಣೆಯೇ?

ಅಲ್ಲ. 1964ರಲ್ಲಿ ಶೇ. 19 ಇದ್ದ ಬಡತನ 1969ಕ್ಕೆ ಶೇ. 12ರ ಹತ್ತಿರ ಇಳಿಯಿತು. ಆರ್ಥಿಕತೆ ಬೆಳೆಯುತ್ತಿದ್ದುದೂ ಕಾರಣ, ಎಲ್ಲ ಆತನದೇ ಎನ್ನಲಾಗದು. ಆದರೆ ವಯಸ್ಸಾದವರ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಮೆಡಿಕೇರ್, ಬಡವರಿಗೆ ಮೆಡಿಕೇಡ್, ಬಡ ಮನೆಯ ಪುಟ್ಟ ಮಕ್ಕಳ ಶಾಲಾಪೂರ್ವ ಕಲಿಕೆಗೆ ಹೆಡ್ ಸ್ಟಾರ್ಟ್, ಇವೆಲ್ಲ ಇಂದಿಗೂ ನಡೆಯುತ್ತಿವೆ.

ಮೆಡಿಕೇರ್ ಬಗ್ಗೆ ಹೆಚ್ಚು ಜನ ಗಮನಿಸದ ಒಂದು ಸಂಗತಿ ಇದೆ. ಸರ್ಕಾರದ ದುಡ್ಡು ಬೇಕಾದರೆ ಭೇದ ಮಾಡುವಂತಿಲ್ಲ ಎಂದು 1964ರ ಕಾಯ್ದೆ ಹೇಳಿತ್ತು. 1966ರ ಜುಲೈನಲ್ಲಿ ಮೆಡಿಕೇರ್ ಶುರುವಾಗುವ ಹೊತ್ತಿಗೆ ದಕ್ಷಿಣದ ಆಸ್ಪತ್ರೆಗಳ ಮುಂದೆ ಎರಡೇ ದಾರಿ: ಬಿಳಿಯರ ವಾರ್ಡು, ಕಪ್ಪು ಜನರ ವಾರ್ಡು ಎಂಬ ಗೋಡೆ ಕೆಡವಬೇಕು, ಇಲ್ಲವೇ ಹಣ ಬಿಡಬೇಕು. ತಲೆತಲಾಂತರದ ಗೋಡೆಗಳು ಹೆಚ್ಚಿನ ಕಡೆ ಕೆಲವೇ ತಿಂಗಳಲ್ಲಿ ಬಿದ್ದವು. ಉಪದೇಶದಿಂದ ಆಗದ್ದು ಬಿಲ್ಲಿನಿಂದ ಆಯಿತು ಎಂದು ಚಿಕ್ಕಪ್ಪ ನಗುತ್ತಾರೆ.

ವಿಯೆಟ್ನಾಂ ವಿಷಯದಲ್ಲಿ ಪಾಪ, ಸಲಹೆಗಾರರು ದಾರಿ ತಪ್ಪಿಸಿದರು ಅಂತಾರೆ. ನಿಜವೇ?

ಈ 'ಪಾಪ'ವನ್ನು ನಾನು ಒಪ್ಪುವುದಿಲ್ಲ. ಕಾರಣ ಆತನದೇ ಧ್ವನಿ.

ಜಾನ್ಸನ್ ತನ್ನ ಫೋನು ಮಾತುಗಳನ್ನು ಗುಟ್ಟಾಗಿ ರೆಕಾರ್ಡ್ ಮಾಡಿಸುತ್ತಿದ್ದ. ನೂರಾರು ಗಂಟೆಯ ಆ ಟೇಪುಗಳನ್ನು ಈಗ ಯಾರು ಬೇಕಾದರೂ ಕೇಳಬಹುದು. 1964ರ ಮೇ 27, ದೊಡ್ಡ ಯುದ್ಧಕ್ಕೆ ಇನ್ನೂ ಹತ್ತು ತಿಂಗಳು ಬಾಕಿ. ಬೆಳಿಗ್ಗೆ ರಸೆಲ್‌ಗೆ ಫೋನು. ನಾಗರಿಕ ಹಕ್ಕಿನ ವಿಷಯಕ್ಕೆ ಇಬ್ಬರೂ ಅದೇ ದಿನಗಳಲ್ಲಿ ಹಾವು ಮುಂಗುಸಿ, ಆದರೂ ವಿಯೆಟ್ನಾಮಿಗೆ ಸಲಹೆ ಕೇಳುವುದು ಇವನನ್ನೇ. ಇದಕ್ಕಿಂತ ಕೆಟ್ಟ ಗೋಜಲು ನೋಡಿಲ್ಲ ಎನ್ನುತ್ತಾನೆ ರಸೆಲ್. ಆಮೇಲೆ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿಗೆ ಫೋನು. ಇದು ಕಾದಾಡಿ ಸಾಯುವಷ್ಟು ಬೆಲೆಯದಲ್ಲ, ಆದರೆ ಹೊರಬರಲೂ ಆಗುತ್ತಿಲ್ಲ ಎಂದು ಅಧ್ಯಕ್ಷನೇ ಹೇಳುತ್ತಾನೆ. ಅತ್ತ ದರಿ, ಇತ್ತ ಪುಲಿ. ಬೆಳಿಗ್ಗೆ ತನ್ನ ಬಟ್ಟೆಬರೆ ಎತ್ತಿಟ್ಟುಕೊಡುವ ಸಾರ್ಜೆಂಟನನ್ನು ನೋಡಿದೆ, ಅವನಿಗೆ ಆರು ಪುಟ್ಟ ಮಕ್ಕಳು, ಇಂಥವನನ್ನು ಯಾವ ಘನಕಾರ್ಯಕ್ಕೆ ಅಲ್ಲಿಗೆ ಕಳಿಸಲಿ, ವಿಯೆಟ್ನಾಂ ನನಗೇನಾಗಬೇಕು, ಈ ದೇಶಕ್ಕೇನಾಗಬೇಕು ಎಂದು ಕೇಳುತ್ತಾನೆ.

ಗೊತ್ತಿತ್ತು. ಗೊತ್ತಿದ್ದೂ 1965ರ ಮಾರ್ಚ್‌ನಲ್ಲಿ ದಾ ನಾಂಗ್ ತೀರಕ್ಕೆ ಮೆರೀನ್ ಪಡೆ ಇಳಿಸಿದ. ಅದಕ್ಕೆ ಮೊದಲೇ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಬೇಡವೆಂದು ಟಿಪ್ಪಣಿ ಬರೆದುಕೊಟ್ಟಿದ್ದ. ಕೊಟ್ಟಿದ್ದಕ್ಕೆ ಆತನನ್ನು ಸಭೆಗಳಿಂದಲೇ ದೂರವಿಟ್ಟ. 1965ರ ಕೊನೆಗೆ ಸುಮಾರು 1,84,000 ಸೈನಿಕರು, 1968ರಲ್ಲಿ 5 ಲಕ್ಷ ದಾಟಿತು. ಆತನ ಕಾಲದಲ್ಲಿ ಸತ್ತ ಅಮೆರಿಕನ್ ಸೈನಿಕರೇ 30,000ಕ್ಕೂ ಹೆಚ್ಚು. ಸತ್ತ ವಿಯೆಟ್ನಾಮಿಗಳನ್ನು ಲಕ್ಷಗಳಲ್ಲಿ ಎಣಿಸಬೇಕು.

ಯಾಕೆ ಹೀಗೆ ಮಾಡಿದ? ಚೀನಾ ಕಮ್ಯುನಿಸ್ಟರ ಕೈಸೇರಿದಾಗ, ಅದನ್ನು ಕಳೆದವನು ನೀನೇ ಎಂದು ಅಂದಿನ ಅಧ್ಯಕ್ಷ ಟ್ರೂಮನ್‌ಗೆ ಬೈಗುಳ ಬಿದ್ದದ್ದು ಕಣ್ಣೆದುರಿಗಿತ್ತು. ವಿಯೆಟ್ನಾಂ ಕಳೆದುಕೊಂಡ ಹೇಡಿ ಎನಿಸಿಕೊಂಡರೆ ಮೆಡಿಕೇರ್, ಹಕ್ಕು, ಶಾಲೆ ಯಾವುದೂ ಪಾಸಾಗುವುದಿಲ್ಲವೆಂಬ ಭಯ. ಸೆನೆಟರುಗಳನ್ನು ಬಗ್ಗಿಸಿದಂತೆ, ಎದುರಾಳಿಯಾದ ಕಮ್ಯುನಿಸ್ಟ್ ಉತ್ತರ ವಿಯೆಟ್ನಾಮಿನ ನಾಯಕ ಹೋ ಚಿ ಮಿನ್‌ನನ್ನೂ ಬಗ್ಗಿಸಬಹುದೆಂಬ ಭ್ರಮೆ ಬೇರೆ. 1965ರ ಏಪ್ರಿಲ್ ಭಾಷಣವೊಂದರಲ್ಲಿ ಮೆಕಾಂಗ್ ನದಿಗೆ ದೊಡ್ಡ ಅಭಿವೃದ್ಧಿ ಯೋಜನೆಯ ಆಸೆ ತೋರಿಸಿದ. ಟೆಕ್ಸಾಸಿನಲ್ಲಿ ಅಣೆಕಟ್ಟು, ಕರೆಂಟು ಕೊಟ್ಟರೆ ಯಾರೂ ಬೇಡವೆನ್ನುತ್ತಿರಲಿಲ್ಲ ನೋಡಿ.

ಟಾಂಕಿನ್ ಕೊಲ್ಲಿಯ ದಾಳಿ ಸುಳ್ಳಂತೆ?

ವಿಯೆಟ್ನಾಂ ಪಕ್ಕದ ಆ ಕೊಲ್ಲಿಯಲ್ಲಿ ಅಮೆರಿಕದ ಯುದ್ಧನೌಕೆಗಳ ಮೇಲೆ ಉತ್ತರ ವಿಯೆಟ್ನಾಂ ಎರಡು ಸಲ ದಾಳಿ ಮಾಡಿತೆಂಬ ಸುದ್ದಿ ಬಂದಿತ್ತು. 1964ರ ಆಗಸ್ಟ್ 2ರದ್ದು ನಡೆದದ್ದೇ. ಆಗಸ್ಟ್ 4ರದ್ದು ನಡೆಯಲೇ ಇಲ್ಲ. ಅದನ್ನು ಹಿಡಿದುಕೊಂಡು ಜಾನ್ಸನ್ ಸಂಸತ್ತಿನಿಂದ ಟಾಂಕಿನ್ ನಿರ್ಣಯವೆಂಬ, ಯುದ್ಧಕ್ಕೆ ಖಾಲಿ ಚೆಕ್ಕು ಬರೆಸಿಕೊಂಡ: ಕೆಳಮನೆಯಲ್ಲಿ 416–0, ಸೆನೆಟ್ಟಿನಲ್ಲಿ 88–2. ಅದೇ ಅಕ್ಟೋಬರಿನ ಚುನಾವಣಾ ಭಾಷಣದಲ್ಲಿ, ಏಷ್ಯಾದ ಹುಡುಗರು ಮಾಡಬೇಕಾದ ಕೆಲಸಕ್ಕೆ ಅಮೆರಿಕದ ಹುಡುಗರನ್ನು ಕಳಿಸುವುದಿಲ್ಲ ಎಂದ. 50ರಲ್ಲಿ 44 ರಾಜ್ಯ ಗೆದ್ದ.

ಇದೆಲ್ಲ ಅವರ ಮನೆ ಜಗಳ. ನಮಗೇನು ಸಂಬಂಧ?

ದೊಡ್ಡಪ್ಪನನ್ನು ಕೇಳಬೇಕು ನೀವು. 1965 ಮತ್ತು 1966, ಸತತ ಎರಡು ವರ್ಷ ಮಳೆ ಕೈಕೊಟ್ಟಿತು. ಪಿಎಲ್-480 ಎಂಬ ಅಮೆರಿಕದ ಕಾನೂನಿನಡಿ, ರೂಪಾಯಿಯಲ್ಲೇ ಬೆಲೆ ಕಟ್ಟಿ ಭಾರತ ಗೋಧಿ ತರಿಸುತ್ತಿತ್ತು. 1966ರಲ್ಲಿ ಆಮದಾದ ಧಾನ್ಯ ಸುಮಾರು 1 ಕೋಟಿ ಟನ್. ಜಾನ್ಸನ್ ಹಳೆಯ ದೀರ್ಘಾವಧಿ ಒಪ್ಪಂದ ಮುಂದುವರಿಸಲಿಲ್ಲ. ಮೂಗುದಾರ ಗಿಡ್ಡ ಮಾಡಿ ಹಿಡಿದ. ಒಂದೆರಡು ತಿಂಗಳಿಗಾಗುವಷ್ಟು ಮಾತ್ರ ಮಂಜೂರು, ಅದೂ ತಾನೇ ನೋಡಿದ ಮೇಲೆ. ಭಾರತದಲ್ಲಿ ಎಲ್ಲಿ ಎಷ್ಟು ಮಳೆಯಾಯಿತೆಂಬ ವರದಿಯನ್ನು ಶ್ವೇತಭವನದಲ್ಲಿ ಕೂತು ಓದುತ್ತಿದ್ದ. ಹಡಗಿನಿಂದ ನೇರ ಬಾಯಿಗೆ ಎಂದು ಆ ಕಾಲವನ್ನು ಕರೆದರು. ಶಾಸ್ತ್ರಿಯವರು ಸೋಮವಾರದ ರಾತ್ರಿ ಊಟ ಬಿಡಿ ಎಂದು ದೇಶವನ್ನು ಕೇಳಿಕೊಂಡದ್ದು ಇದೇ ಹೊತ್ತಿನಲ್ಲಿ. ಆ ಶಾಸ್ತ್ರಿಯವರ ಅಮೆರಿಕ ಭೇಟಿಯನ್ನು 1965ರಲ್ಲಿ ಜಾನ್ಸನ್ ಏಕಾಏಕಿ ಮುಂದೂಡಿದ. ಅವರು ಮತ್ತೆ ಹೋಗಲಿಲ್ಲ, 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ತೀರಿಕೊಂಡರು. ಆ ವರ್ಷ ಇಂದಿರಾ ಗಾಂಧಿ ವಾಷಿಂಗ್ಟನ್‌ಗೆ ಹೋಗಿ ಬಂದರು. ಜೂನ್‌ನಲ್ಲಿ ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳಿಯಿತು. ಬೇಸಿಗೆ ಕಳೆಯುವಷ್ಟರಲ್ಲಿ ಭಾರತ ವಿಯೆಟ್ನಾಂ ಬಾಂಬ್ ದಾಳಿಯನ್ನು ಟೀಕಿಸಿತು, ಜಾನ್ಸನ್ ಸಿಟ್ಟಾದ. ನಾವು ಹೇಳಿದ್ದನ್ನೇ ಪೋಪ್ ಕೂಡ ಹೇಳಿದ್ದಾರಲ್ಲ ಎಂದರೆ, ಪೋಪ್‌ಗೆ ನಮ್ಮ ಗೋಧಿ ಬೇಕಿಲ್ಲ ಎಂಬ ಉತ್ತರ ಬಂತೆಂದು ಒಂದು ಕತೆ ದೆಹಲಿಯಲ್ಲಿ ಬಹಳ ದಿನ ಓಡಾಡಿತು.

ಈಗ ಇನ್ನೊಂದು ಮಗ್ಗುಲು. ಗೋಧಿ ಬಂದದ್ದು ನಿಜ, ಬದುಕಿದವರು ನಿಜ. ಭಾರತ ಕೃಷಿಗೆ ಹೆಚ್ಚು ಹಣ ಹಾಕಬೇಕು, ಗೊಬ್ಬರ, ಹೊಸ ಬೀಜ ತರಬೇಕು ಎಂಬುದು ಜಾನ್ಸನ್‌ನ ಷರತ್ತು. ಆಹಾರ ಸಚಿವ ಸಿ. ಸುಬ್ರಹ್ಮಣ್ಯಂ ಆಗಲೇ ಅದೇ ದಾರಿ ಹಿಡಿದಿದ್ದರು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿ ತರಿಸಿದರು. 1967–68ರಲ್ಲಿ ಗೋಧಿ ಬೆಳೆ 1 ಕೋಟಿ 65 ಲಕ್ಷ ಟನ್ ತಲುಪಿತು. ಇದನ್ನು ಜಾನ್ಸನ್‌ನ ಖಾತೆಗೆ ಹಾಕುವವರಿದ್ದಾರೆ. ನಾನು ಹಾಕುವುದು ಸುಬ್ರಹ್ಮಣ್ಯಂ ಅವರ ಖಾತೆಗೆ. ಆದರೆ ಇನ್ನು ಯಾರ ಮುಂದೆಯೂ ಚೀಲ ಒಡ್ಡಬಾರದೆಂಬ ಹಟ ದೆಹಲಿಗೆ ಹುಟ್ಟಿದ್ದರಲ್ಲಿ ಆ ಮೂಗುದಾರದ ಪಾಲೂ ಇದೆ. ದೊಡ್ಡಪ್ಪ ಇದನ್ನು ಒಪ್ಪುವುದಿಲ್ಲ. ಶಾಲೆಯಲ್ಲಿ ಕೊಡುತ್ತಿದ್ದ ಅಮೆರಿಕದ ಹಾಲಿನ ಪುಡಿಯ ವಾಸನೆ ನೆನೆದರೆ ಇವತ್ತಿಗೂ ಮುಖ ಸಿಂಡರಿಸುತ್ತಾರೆ.

ಕಾಂಗ್ರೆಸ್ ಗಿಡ ತಂದವನೂ ಇವನೇ?

ಪಿಎಲ್-480 ಗೋಧಿಯ ಜೊತೆ ಪಾರ್ಥೇನಿಯಂ ಬೀಜ ಬಂತೆಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಬಂದಿರಲೂಬಹುದು. ಆದರೆ ಪುಣೆಯಲ್ಲಿ ಆ ಗಿಡವನ್ನು ಗುರುತಿಸಿದ್ದು 1950ರ ದಶಕದ ಮಧ್ಯದಲ್ಲಿ. ಆಗ ಅಧ್ಯಕ್ಷ ಐಸೆನ್‌ಹೋವರ್. ಹಿತ್ತಲಿನಲ್ಲಿ ಅದನ್ನು ಕಿತ್ತು ಮೈಯೆಲ್ಲ ತುರಿಸಿಕೊಂಡವರು ಬೈಯಲು ಬೇರೆ ಹೆಸರು ಹುಡುಕಿ.

ಅಮೆರಿಕದ ಕನ್ನಡಿಗರು ಈತನಿಗೆ ಋಣಿಗಳೇ?

ಚಿಕ್ಕಪ್ಪನ ಪ್ರಕಾರ ಸಂಶಯವೇ ಇಲ್ಲ. 1946ರ ಕಾನೂನಿನಂತೆ ವಲಸೆ ಹೋಗಲು ಇಡೀ ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ ಇತ್ತು. 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಕೂತು ಜಾನ್ಸನ್ ಆ ಪದ್ಧತಿಯನ್ನು ತೆಗೆದುಹಾಕಿದ. ಒಂದೊಂದು ದೇಶಕ್ಕೂ ವರ್ಷಕ್ಕೆ 20,000ದ ಮಿತಿ. ವಿದ್ಯೆ, ಕಸುಬು, ರಕ್ತಸಂಬಂಧ ನೋಡಿ ಅವಕಾಶ. ಮೈಸೂರು, ಹುಬ್ಬಳ್ಳಿ, ಬೆಂಗಳೂರಿನ ಮೆಡಿಕಲ್ ಕಾಲೇಜುಗಳಿಂದ ಹೊರಬಿದ್ದ ಡಾಕ್ಟರುಗಳು, ಎಂಜಿನಿಯರುಗಳು ಸೂಟ್‌ಕೇಸಿನಲ್ಲಿ ಸಾರಿನ ಪುಡಿ ಕಟ್ಟಿಕೊಂಡು ಹೊರಟದ್ದು ಈ ಬಾಗಿಲಿನಿಂದ. ಎಪ್ಪತ್ತರ ದಶಕದ ಕನ್ನಡ ಕೂಟಗಳೂ ಆಮೇಲಿನ ಅಕ್ಕ ಸಮ್ಮೇಳನಗಳೂ ಅದರ ಫಲ.

ತಮಾಷೆ ಏನೆಂದರೆ, ಸಹಿ ಹಾಕುವಾಗ ಜಾನ್ಸನ್ ಇದು ಕ್ರಾಂತಿಕಾರಿ ಕಾಯ್ದೆಯೇನಲ್ಲ, ಲಕ್ಷಾಂತರ ಜನರ ಬದುಕನ್ನೇನೂ ಬದಲಿಸುವುದಿಲ್ಲ ಎಂದಿದ್ದ. ನಾವು ಬರುತ್ತೇವೆಂದು ಆತ ಎಣಿಸಿಯೇ ಇರಲಿಲ್ಲ. ಎಣಿಸದೆ ಮಾಡಿದ ಉಪಕಾರಕ್ಕೆ ಋಣ ಎಷ್ಟು ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

1968ರಲ್ಲಿ ಚುನಾವಣೆಗೆ ನಿಲ್ಲಲಿಲ್ಲವಲ್ಲ, ಅದು ತ್ಯಾಗವೇ?

ಸ್ವಲ್ಪ ತ್ಯಾಗ, ಸ್ವಲ್ಪ ಲೆಕ್ಕಾಚಾರ, ಸ್ವಲ್ಪ ಆಯಾಸ. ಜನವರಿಯ ಕೊನೆಯಲ್ಲಿ ವಿಯೆಟ್ನಾಂ ಕಮ್ಯುನಿಸ್ಟರ ದೊಡ್ಡ ಟೆಟ್ ದಾಳಿ ನಡೆದು, ಗೆಲ್ಲುತ್ತಿದ್ದೇವೆ ಎಂಬ ಮಾತಿನ ಬಣ್ಣ ಬಯಲಾಗಿತ್ತು. ಮಾರ್ಚ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಪಕ್ಷದ ಅಭ್ಯರ್ಥಿ ಆಯ್ಕೆಗೆ ನಡೆದ ಮತದಾನದಲ್ಲಿ ಸ್ವಂತ ಪಕ್ಷದ ಯುಜೀನ್ ಮೆಕಾರ್ಥಿ ಶೇ. 42 ಮತ ಕಿತ್ತುಕೊಂಡ. 1955ರಲ್ಲೇ ಒಮ್ಮೆ ಹೃದಯಾಘಾತ ಆಗಿತ್ತು. ಮಾರ್ಚ್ 31ರಂದು ಟಿವಿಯಲ್ಲಿ ಹಿಂದೆ ಸರಿದ. ನಾಲ್ಕು ದಿನಕ್ಕೆ ಕಿಂಗ್ ಹತ್ಯೆ, ಊರೂರಿಗೆ ಬೆಂಕಿ. ಆ ಹೊಗೆಯ ನಡುವೆಯೂ ಒಂದೇ ವಾರದಲ್ಲಿ ಮನೆ ಬಾಡಿಗೆ, ಮಾರಾಟದಲ್ಲಿ ಭೇದ ನಿಷೇಧಿಸುವ ಕಾಯ್ದೆ ಪಾಸು ಮಾಡಿಸಿ ಸಹಿ ಹಾಕಿದ. ಹೋಗುವ ಹೊತ್ತಿನಲ್ಲೂ ಕೈ ಸುಮ್ಮನಿರಲಿಲ್ಲ.

ಇತಿಹಾಸಕಾರರು ಎಷ್ಟನೇ ಸ್ಥಾನ ಕೊಡುತ್ತಾರೆ?

ಅಮೆರಿಕದ ಸಿ-ಸ್ಪ್ಯಾನ್ ವಾಹಿನಿ ಇತಿಹಾಸಕಾರರಿಂದ ಮಾಡಿಸುವ ಸಮೀಕ್ಷೆಗಳಲ್ಲಿ 10 ಅಥವಾ 11ನೇ ಸ್ಥಾನ. ಸಮಾನ ನ್ಯಾಯ ಎಂಬ ಕಾಲಂನಲ್ಲಿ ಲಿಂಕನ್ ಬಿಟ್ಟರೆ ಈತ. ವಿದೇಶ ವ್ಯವಹಾರದಲ್ಲಿ ಬಾಲದ ಹತ್ತಿರ. ಸರಾಸರಿ ತೆಗೆದು ಹತ್ತನೆಯವನು ಎನ್ನುವುದು, ತಲೆ ಒಲೆಯಲ್ಲಿ ಕಾಲು ಹಿಮದಲ್ಲಿ ಇಟ್ಟವನನ್ನು ಹದವಾಗಿ ಬೆಚ್ಚಗಿದ್ದಾನೆ ಎಂದ ಹಾಗೆ.

ಟೇಪುಗಳನ್ನು ಕೇಳಬೇಕೆಂದಿದ್ದೇನೆ. ಯಾವುದರಿಂದ ಶುರು ಮಾಡಲಿ?

ಪ್ಯಾಂಟಿನದರಿಂದ. 1964ರ ಆಗಸ್ಟ್ 9, ಭಾನುವಾರ. ಬಟ್ಟೆ ಕಂಪನಿಯ ಮಾಲೀಕನಿಗೆ ಅಧ್ಯಕ್ಷ ಫೋನು ಮಾಡಿ ಪ್ಯಾಂಟು ಹೊಲಿಸಿಕೊಡಲು ಹೇಳುತ್ತಾನೆ. ತೂಕ ತಿಂಗಳಿಗೆ ಹತ್ತು ಹದಿನೈದು ಪೌಂಡು ಏರಿಳಿಯುತ್ತದೆ, ಸೊಂಟದಲ್ಲಿ ಬಿಚ್ಚಿಕೊಳ್ಳುವಷ್ಟು ಬಟ್ಟೆ ಬಿಡಿ. ಜೇಬು ಒಂದಂಗುಲ ಆಳವಿರಲಿ, ಕೂತರೆ ಚಾಕು, ಚಿಲ್ಲರೆ ಎಲ್ಲ ಬಿದ್ದುಹೋಗುತ್ತದೆ. ನಡುವೆ ಒಂದು ದೊಡ್ಡ ತೇಗು. ತೊಡೆಸಂದಿಯಲ್ಲಿ ಎಲ್ಲಿ ಬಿಗಿಯುತ್ತದೆ ಎಂಬುದನ್ನು ಯಾವ ಮುಚ್ಚುಮರೆಯೂ ಇಲ್ಲದೆ, ಟೈಲರ್ ಎದುರು ನಿಂತ ಹಾಗೆ ವಿವರಿಸುತ್ತಾನೆ. ಮೊದಲ ಸಲ ಕೇಳಿದಾಗ ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೂ ಒಟ್ಟಿಗೇ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾರನೆಯ ದಿನ, ಆಗಸ್ಟ್ 10ರಂದು, ಆತ ಟಾಂಕಿನ್ ನಿರ್ಣಯಕ್ಕೆ ಸಹಿ ಹಾಕಿದ.